ಓಸ್ಗಾರ್ ಓದಿದ ದಿಬ್ಬ

ಮಾರ್‌ಬಾಚ್ ಎಂಬ ವೇಲ್ಸ್ ಗಡಿಯ ಊರಿನ ಮುಖ್ಯಸ್ಥ ಓಸ್ಗಾರನಿಗೆ ಓದಲು ಬರುತ್ತಿರಲಿಲ್ಲ. ಪಾದ್ರಿಯನ್ನು ಬಿಟ್ಟರೆ ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಇದು ಎತ್ತಿ ಆಡುವಂಥ ಕೊರತೆಯೇನೂ ಅಲ್ಲ. ತೊಂದರೆಯೆಂದರೆ, ಅವನಿಗೆ ಓದಲು ಬರುತ್ತದೆ ಎಂದು ಇಡೀ ಊರು ನಂಬಿತ್ತು.

ಇದಕ್ಕೆ ಅವನ ಅತ್ತೆ ಗುನ್ನಿಲ್ಡ ಕಾರಣ. ಹದಿನೆಂಟು ವರ್ಷದ ಹಿಂದೆ, ಮದುವೆಯ ಮಾತುಕತೆಯಲ್ಲಿ ಆಕೆ, "ಮಠದಲ್ಲಿ ಮೂರು ವರ್ಷ ಇದ್ಯಂತಲ್ಲಪ್ಪ, ಏನು ಮಾಡ್ತಿದ್ದೆ?" ಎಂದು ಕೇಳಿದ್ದಳು. ಓಸ್ಗಾರ್ ಆ ಮೂರು ವರ್ಷವೂ ಮಠದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವನು. ಅದನ್ನು ಸ್ವಲ್ಪ ಮರ್ಯಾದೆಯಾಗಿ ಹೇಳೋಣವೆಂದು, "ಲ್ಯಾಟಿನ್ ಓದೋರಿಗೆ..." ಎಂದು ಶುರುಮಾಡಿದ. ಗುನ್ನಿಲ್ಡ ಪೂರ್ತಿ ವಾಕ್ಯ ಕೇಳಿಸಿಕೊಳ್ಳುವ ಹೆಂಗಸಲ್ಲ. ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ, ಲ್ಯಾಟಿನ್ ಬಲ್ಲ ಅಳಿಯ ಸಿಕ್ಕಿದ್ದಾನೆಂಬ ಸುದ್ದಿ ಊರ ಕೊನೆಯ ಗುಡಿಸಿಲಿಗೂ ತಲುಪಿತ್ತು.

ಆಕೆಯ ದೊಡ್ಡ ಮಗಳನ್ನು ಪಕ್ಕದ ಗ್ರೆಟ್‌ಲೋ ಊರಿನ ಮುಖ್ಯಸ್ಥ ಸೀವರ್ಡನಿಗೆ ಕೊಟ್ಟಿತ್ತು. ಅವನಿಗೆ ಆರು ಎತ್ತು, ಎರಡು ಕಣಜ, ಗಟ್ಟಿಯಾದ ಭುಜ ಎಲ್ಲ ಇದ್ದವು. ಆದರೂ ಅತ್ತೆ ಹಬ್ಬದೂಟಕ್ಕೆ ಕೂತಾಗಲೆಲ್ಲ, "ದೊಡ್ಡಳಿಯ ಒಳ್ಳೇನು, ಪಾಪ. ಆದ್ರೆ ಚಿಕ್ಕಳಿಯ ಓದಿದೋನು" ಎನ್ನುತ್ತಿದ್ದಳು. ಆ "ಪಾಪ" ಎಂಬ ಮಾತನ್ನು ಸೀವರ್ಡ್ ಹದಿನೆಂಟು ವರ್ಷದಿಂದ ಬ್ರೆಡ್ಡಿನ ಜೊತೆ ನುಂಗುತ್ತ ಬಂದಿದ್ದ.

ಊರಲ್ಲಿ ಒಬ್ಬ ಪಾದ್ರಿ ಇದ್ದಷ್ಟು ದಿನ ಓಸ್ಗಾರನಿಗೆ ಏನೂ ತೊಂದರೆಯಾಗಲಿಲ್ಲ. ಓದುವುದೇನಾದರೂ ಬಂದರೆ, "ಪಾದ್ರಿಗಳಿರುವಾಗ ನಾನು ಓದಿದ್ರೆ ಚೆನ್ನಾಗಿರಲ್ಲ" ಎಂದು ವಿನಯದಿಂದ ಹಿಂದೆ ಸರಿಯುತ್ತಿದ್ದ. ವಿನಯವಂತನೆಂಬ ಹೆಸರೂ ಬಂದಿತು. ಆದರೆ ಆ ವರ್ಷ ಈಸ್ಟರಿಗೆ ಮೊದಲೇ ಪಾದ್ರಿ ತೀರಿಕೊಂಡರು. ಹೊಸಬರು ಇನ್ನೂ ಬಂದಿರಲಿಲ್ಲ. ಹುಲ್ಲು ಕೊಯ್ಲು ನಡೆಯುತ್ತಿದ್ದ ಒಂದು ಮಧ್ಯಾಹ್ನ ರಾಜನ ಓಲೆಕಾರ ಬಂದ.

ರಾಜನ ಕಡೆಯವರೆಲ್ಲರಂತೆ ಓಲೆಕಾರನದೂ ಫ್ರೆಂಚ್ ಮಾತು. ನಮ್ಮ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಎರಡೇ: ಒಂದು "ಓದೋರು ಯಾರು?", ಇನ್ನೊಂದು "ಬಿಯರ್." ಎರಡನ್ನೂ ಒಟ್ಟಿಗೇ ಹೇಳಿ ಕುದುರೆಯಿಂದ ಇಳಿದ.

"ನಮ್ಮಳಿಯ!" ಎಂದಳು ಗುನ್ನಿಲ್ಡ, ಯಾರೂ ಬಾಯಿ ತೆರೆಯುವ ಮೊದಲೇ.

ಓಸ್ಗಾರನ ಕೈಗೆ ತೊಗಲಿನ ಪತ್ರ ಬಂತು. ಬಿಯರ್ ಕಾಯಿಸುವ ವಿಧವೆ ಗೋಲ್ಡ ಓಲೆಕಾರನ ಕೈಗೆ ದೊಡ್ಡ ಲೋಟ ಕೊಟ್ಟಳು. ಹುಲ್ಲು ಕೊಯ್ಯುತ್ತಿದ್ದವರೆಲ್ಲ ಕುಡುಗೋಲು ಹಿಡಿದುಕೊಂಡೇ ಚರ್ಚಿನ ಮುಂದೆ ಸೇರಿದರು.

ಪತ್ರದಲ್ಲಿ ನಿಜವಾಗಿ ಬರೆದಿದ್ದದ್ದು ಇಷ್ಟು. ಪಟ್ಟಕ್ಕಾಗಿ ನಡೆದ ಹತ್ತೊಂಬತ್ತು ವರ್ಷದ ದಾಯಾದಿ ಜಗಳದಲ್ಲಿ, ಎರಡು ಕುದುರೆ ಮತ್ತು ನಾಲ್ಕು ಸಲಿಕೆ ಇದ್ದವರೆಲ್ಲ ಮಣ್ಣು ಗುಡ್ಡೆ ಹಾಕಿ, ಸುತ್ತ ಕಂದಕ ತೋಡಿ, ಮೇಲೊಂದು ಮರದ ಗೋಪುರ ನಿಲ್ಲಿಸಿ, "ಇದು ನನ್ನ ಕೋಟೆ" ಎಂದು ಕೂತುಬಿಟ್ಟಿದ್ದರು. ಈಗ ಹೊಸ ರಾಜ ಪಟ್ಟಕ್ಕೆ ಬಂದಿದ್ದಾನೆ. ಅಪ್ಪಣೆಯಿಲ್ಲದೆ ಎಬ್ಬಿಸಿದ ದಿಬ್ಬಗಳನ್ನೆಲ್ಲ ನಲವತ್ತು ದಿನದೊಳಗೆ ನೆಲಸಮ ಮಾಡಬೇಕು. ತಪ್ಪಿದವರಿಗೆ ನೇಣು. ಇದು ಊರೂರಿಗೂ ಕಳಿಸಿದ ಓಲೆ. ಮಾರ್‌ಬಾಚ್‌ನಲ್ಲಿ ಅಂಥ ದಿಬ್ಬ ಇರಲೇ ಇಲ್ಲ. ಅಲ್ಲಿದ್ದ ಅತಿ ಎತ್ತರದ ಗುಡ್ಡೆಯೆಂದರೆ ಗೋಲ್ಡಳ ತಿಪ್ಪೆ. ಅಂದರೆ ಈ ಪತ್ರ ಕೇಳಿ ಊರವರು ಮಾಡಬೇಕಾಗಿದ್ದದ್ದು ಏನೂ ಇಲ್ಲ. ವಾಪಸು ಹೋಗಿ ಹುಲ್ಲು ಕೊಯ್ದಿದ್ದರೆ ಸಾಕಿತ್ತು.

ಓಸ್ಗಾರ್ ಪತ್ರವನ್ನು ನೋಡಿದ. ಹನ್ನೆರಡು ಸಾಲಿನ ಕಾಡಿನಲ್ಲಿ ಅವನಿಗೆ ಮೂರು ಮುಖಗಳ ಗುರುತು ಸಿಕ್ಕಿತು. ಒಂದು, "ರಾಜ". ಅದು ಮಠದ ಊಟದ ಮನೆಯ ಗೋಡೆಯ ಮೇಲಿತ್ತು. ಇನ್ನೊಂದು, ನಲವತ್ತು ಎಂಬ ಅಂಕಿ. ಅದು ಉಪ್ಪುಮೀನಿನ ಪೀಪಾಯಿಗಳ ಮೇಲಿರುತ್ತಿತ್ತು. ಮೂರನೆಯದು, "ದಿಬ್ಬ". ಮಠದ ಹೊಲದಲ್ಲಿ ಯಾವನೋ ಸರದಾರ ದಿಬ್ಬ ಎಬ್ಬಿಸಿದಾಗ ಮುದಿ ಸನ್ಯಾಸಿಯೊಬ್ಬ ಕೋಪದಿಂದ ಆ ಪದವನ್ನು ಅಡುಗೆಮನೆಯ ಬಾಗಿಲ ಮೇಲೆ ಇದ್ದಲಿನಲ್ಲಿ ಬರೆದು, ಕೆಳಗೆ ಶಾಪ ಹಾಕಿದ್ದ.

ಅವನು ಗಂಟಲು ಸರಿಮಾಡಿಕೊಂಡ. "ರಾಜರು..." ಎಂದ.

ಜನ ಟೋಪಿ ತೆಗೆದರು.

"ರಾಜರು ಮಾರ್‌ಬಾಚಿನ ಜನಕ್ಕೆ ಹೇಳಿ ಕಳಿಸಿರೋದು ಏನಪ್ಪಾ ಅಂದ್ರೆ... ದಿಬ್ಬ. ನಲವತ್ತು ದಿನದಲ್ಲಿ ದಿಬ್ಬ."

"ದಿಬ್ಬ ಏನು?" ಎಂದ ಒಬ್ಬ.

"ಆಗಬೇಕು," ಎಂದ ಓಸ್ಗಾರ್. ದಿಬ್ಬವೊಂದಿಲ್ಲದ ಊರಿಗೆ ರಾಜ ದಿಬ್ಬದ ವಿಷಯ ಬರೆಯುತ್ತಾನೆಂದರೆ ಇನ್ನೇನು ಅರ್ಥ ಇದ್ದೀತು? ಯಾರೇ ಆಗಲಿ ಹಾಗೇ ಯೋಚಿಸುತ್ತಿದ್ದರು.

ಓಲೆಕಾರ ಬಿಯರಿನ ನೊರೆ ಒರೆಸಿಕೊಂಡು, ತೃಪ್ತಿಯಿಂದ ತಲೆಯಾಡಿಸಿದ. ಅವನು ಮೆಚ್ಚಿದ್ದು ಬಿಯರನ್ನು. ಊರವರು ಅದನ್ನು ರಾಜಮುದ್ರೆಯೆಂದೇ ತಿಳಿದರು.

"ಎಷ್ಟು ಎತ್ತರ ಅಂತ ಬರೆದಿದೆ ಯಜಮಾನ್ರೇ?"

ಓಸ್ಗಾರ್ ಪತ್ರದ ಮೇಲೆ ಬೆರಳಾಡಿಸಿದ. "ಇಪ್ಪತ್ತು ಅಡಿ."

"ಎಲ್ಲಿ?"

"ಚರ್ಚಿನ ಹಿಂದಿನ ಗೋಮಾಳದಲ್ಲಿ."

"ಗೋಮಾಳ ಇದೆ ಅಂತ ರಾಜರಿಗೆ ಗೊತ್ತಾ?"

"ರಾಜರಿಗೆ ಗೊತ್ತಿಲ್ದೇ ಇರೋದು ಏನಿದೆಯಯ್ಯ?"

ಈ ಉತ್ತರ ಎಲ್ಲರಿಗೂ ಸರಿಯೆನಿಸಿತು. ಆದರೆ ಗೋಲ್ಡ ಸೊಂಟದ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದಳು. "ನಲವತ್ತು ದಿನ ಬಿಸಿಲಲ್ಲಿ ಮಣ್ಣು ಹೊರೋರಿಗೆ ಬಾಯಾರಿಕೆ ಆಗುತ್ತಲ್ಲ, ಅದರ ಬಗ್ಗೆ ರಾಜ ಏನಾದ್ರೂ ಬರೆದಿದಾನಾ, ಇಲ್ಲಾ ದಿಬ್ಬ ಮಾತ್ರಾನಾ?"

ಓಸ್ಗಾರ್ ಮೃದು ಹೃದಯದವನು. ಹುಡುಕಿದ. ಸಿಕ್ಕಿತು. "ಬಿಯರ್ ಕೊಡಬೇಕು ಅಂತಿದೆ. ಇಲ್ನೋಡು, ಕೊನೇ ಸಾಲಲ್ಲಿ."

"ಯಾರು ಕಾಯಿಸಬೇಕಂತೆ?"

"ಗೋಲ್ಡ."

ಗೋಲ್ಡಳ ಕೈ ಸೊಂಟದಿಂದ ಜಾರಿತು. "ನನ್ನ ಹೆಸರು ಬರೆದಿದಾರಾ? ರಾಜರು?"

ಅವನಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಸಾಲಿನ ಕೊನೆಯ ಒಂದು ದಪ್ಪ ಪದವನ್ನು ತೋರಿಸಿದ. ಅದು ಪತ್ರ ಬರೆದ ಊರಿನ ಹೆಸರಾಗಿತ್ತು. ಗೋಲ್ಡ ಅದನ್ನು ಬಹಳ ಹೊತ್ತು ನೋಡಿದಳು. ಆ ದಿನದಿಂದ ಅವಳು ಯಾರಿಗೂ ನೀರು ಬೆರೆಸಿದ ಬಿಯರ್ ಕೊಡಲಿಲ್ಲ ಎಂಬುದು ಮಾರ್‌ಬಾಚಿನ ಮಟ್ಟಿಗೆ ಹೊಸ ರಾಜನ ಆಳ್ವಿಕೆಯ ಮೊದಲ ಸುಧಾರಣೆ.

ಪತ್ರವನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು, ಓಲೆಕಾರ ಮುಂದಿನ ಊರಿಗೆ ಹೋದ. ಊರು ಸಲಿಕೆ ಹಿಡಿಯಿತು.

ಮೊದಲ ವಾರ ಎಲ್ಲರೂ ಕಂದಕ ತೋಡುತ್ತ, ಆ ಮಣ್ಣನ್ನು ಮಧ್ಯಕ್ಕೆ ಸುರಿಯುತ್ತ ಹೋದರು. ಎಂಟನೆಯ ದಿನ ಒಂದು ಮಳೆ ಬಂತು. ಬೆಳಿಗ್ಗೆ ನೋಡಿದರೆ ದಿಬ್ಬವೆಲ್ಲ ವಾಪಸು ಕಂದಕದಲ್ಲಿ ಮಲಗಿತ್ತು. ಆಗ ಮುದುಕ ಟೋಕಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಯುದ್ಧದ ಕಾಲದಲ್ಲಿ ಮೂವರು ಸರದಾರರು ಅವನನ್ನು ಬಿಟ್ಟಿ ಕೆಲಸಕ್ಕೆ ಎಳೆದುಕೊಂಡು ಹೋಗಿ ಮೂರು ದಿಬ್ಬ ಕಟ್ಟಿಸಿದ್ದರು.

"ಸುಮ್ನೆ ಸುರಿದ್ರೆ ಅದು ಗುಡ್ಡೆ ಕಣ್ರಯ್ಯಾ, ದಿಬ್ಬ ಅಲ್ಲ. ಒಂದು ಪದರ ಜೇಡಿಮಣ್ಣು, ಒಂದು ಪದರ ಕಲ್ಲು, ಅದರ ಮೇಲೆ ಹುಲ್ಲಿನ ಹೆಂಟೆ ತಲೆಕೆಳಗಾಗಿ. ಒಂದೊಂದು ಪದರಾನೂ ತುಳೀಬೇಕು, ಹಿಮ್ಮಡಿ ಸದ್ದು ಮಾಡೋವರೆಗೂ ತುಳೀಬೇಕು."

"ಮೊದಲೇ ಯಾಕೆ ಹೇಳಲಿಲ್ಲ ತಾತ?"

"ಯಜಮಾನ್ರು ಪತ್ರದಲ್ಲಿ ಇದನ್ನ ಓದಲಿಲ್ಲವಲ್ಲ. ರಾಜರಿಗೆ ಬೇರೆ ಪದ್ಧತಿ ಇದೆಯೇನೋ ಅಂದ್ಕೊಂಡೆ."

ಅಲ್ಲಿಂದ ಮುಂದೆ ಕೆಲಸ ಸರಿಯಾಗಿ ನಡೆಯಿತು. ತುಳಿಯುವುದಕ್ಕೆ ಗೋಲ್ಡಳ ಬಿಯರು ಬಹಳ ಉಪಕಾರ ಮಾಡಿತು. ಸಂಜೆಯ ಹೊತ್ತಿಗೆ ಇಡೀ ಊರು ದಿಬ್ಬದ ತಲೆಯ ಮೇಲೆ ಸುತ್ತು ಹಾಕಿ ಕುಣಿಯುತ್ತಿತ್ತು. ದಿಬ್ಬದ ಬುಡದಲ್ಲಿ ದನ ನಿಲ್ಲುವಷ್ಟು ಅಂಗಳ ಬಿಟ್ಟು, ಅದರ ಸುತ್ತಲೂ ಕಂದಕವನ್ನು ಬಳಸಿ ತಂದರು. ದಾಟಲು ಒಂದೇ ಒಂದು ಹಲಗೆ. ಮಳೆ ಆಗಾಗ ಬಂದು ಕಂದಕವನ್ನು ಕೆಸರಿನಿಂದ ತುಂಬಿಸಿಕೊಟ್ಟಿತು.

ಗಂಡಸರಲ್ಲಿ ಒಬ್ಬ ಮಾತ್ರ ಒಂದು ದಿನ ತಕರಾರು ತೆಗೆದ. "ಮೊದಲು ಇಪ್ಪತ್ತು ಅಡಿ ಅಂದ್ರಿ ಯಜಮಾನ್ರೇ. ನಿನ್ನೆ ಇಪ್ಪತ್ತೈದು ಅಂದ್ರಿ."

ಓಸ್ಗಾರನಿಗೆ ಮೊದಲು ಎಷ್ಟು ಹೇಳಿದ್ದೆನೆಂಬುದು ಮರೆತುಹೋಗಿತ್ತು. "ಲ್ಯಾಟಿನ್ ಹಾಗೇ ಕಣಯ್ಯಾ," ಎಂದ ಗಂಭೀರವಾಗಿ. "ಮೊದಲನೇ ಸಲ ಓದಿದಾಗ ಸುಮಾರಾಗಿ ಗೊತ್ತಾಗುತ್ತೆ. ಓದ್ತಾ ಓದ್ತಾ ಬಲಿಯುತ್ತೆ."

"ನೋಡಿದ್ರಾ!" ಎಂದಳು ಗುನ್ನಿಲ್ಡ, ಸುತ್ತ ನಿಂತವರಿಗೆ.

ಇಪ್ಪತ್ತೆಂಟನೆಯ ದಿನ ಸೀವರ್ಡ್ ಬಂದ. ಅವನ ಗ್ರೆಟ್‌ಲೋದಲ್ಲಿ ಯುದ್ಧದ ಕಾಲದ ದಿಬ್ಬವೊಂದಿತ್ತು. ಅಲ್ಲಿನ ಪಾದ್ರಿ ಇದೇ ಪತ್ರವನ್ನು ಅಕ್ಷರ ಬಿಡದೆ ಓದಿ ಹೇಳಿದ್ದರು. ಹತ್ತೇ ದಿನದಲ್ಲಿ ಊರವರು ಅದನ್ನು ಕೆಡವಿ, ಕಂದಕ ಮುಚ್ಚಿ, ಮೇಲೆ ಬಟಾಣಿ ಬಿತ್ತಿದ್ದರು. ಈಗ ಷಡ್ಡಕನ ಊರಿನ ದಾರಿಯಲ್ಲಿ ಬರುತ್ತ ಸೀವರ್ಡ್ ತಲೆಯೆತ್ತಿ ನೋಡಿದ. ನಿಂತ. ಮತ್ತೆ ನೋಡಿದ.

"ಬಾರಣ್ಣ," ಎಂದು ಓಸ್ಗಾರ್ ಮೈಯೆಲ್ಲ ಮಣ್ಣಾಗಿ ಇಳಿದು ಬಂದ. "ನಿಮ್ಮೂರಿಗೂ ಬಂತೇನು ರಾಜರ ಪತ್ರ?"

"ಬಂತು," ಎಂದ ಸೀವರ್ಡ್ ನಿಧಾನವಾಗಿ. "ನಿಮ್ಮಲ್ಲಿ ಯಾರು ಓದಿದ್ದು?"

"ಇನ್ಯಾರು ಓದ್ತಾರೆ!" ಎಂದಳು ಅತ್ತೆ ಮೇಲಿನಿಂದ. "ಪಾಪ, ನಿಮ್ಮೂರಲ್ಲಿ ಹೇಗೆ ಮಾಡ್ಕೊಂಡ್ರಪ್ಪ?"

ಸೀವರ್ಡನ ಮುಖದಲ್ಲಿ ಹದಿನೆಂಟು ವರ್ಷದ ಮೋಡ ಒಮ್ಮೆಗೇ ಚೆದುರಿದಂತಾಯಿತು. ಅವನು ಷಡ್ಡಕನ ಬೆನ್ನು ತಟ್ಟಿದ. "ಭೇಷ್, ಓಸ್ಗಾರಾ. ಇನ್ನೂ ಸ್ವಲ್ಪ ಎತ್ತರ ಮಾಡು. ದೂರಕ್ಕೆ ಕಾಣೋ ಹಾಗಿರಲಿ." ಆಮೇಲೆ ಅವನು ಮನೆಗೆ ಹೋಗುವ ಬದಲು ನೇರವಾಗಿ ಪಟ್ಟಣಕ್ಕೆ ನಡೆದ. ರಾಜನ ಕಡೆಯ ಅಧಿಕಾರಿಗೆ ತನ್ನೂರಿನ ದಿಬ್ಬ ನೆಲಸಮವಾದದ್ದನ್ನು ವರದಿ ಮಾಡಿ, ಹೊರಡುವಾಗ ನೆನಪಾದವನಂತೆ ಮಾರ್‌ಬಾಚಿನ ಹೆಸರೆತ್ತಿದ.

ನಲವತ್ತನೆಯ ದಿನ ಬೆಳಿಗ್ಗೆ ಅಧಿಕಾರಿ ಹಾಮೋ ಧಣಿ, ಬರವಣಿಗೆಯವನಾದ ಜೆರ್ವಾಸ್ ಮತ್ತು ಎಂಟು ಸವಾರರು ಊರಿಗೆ ಬಂದರು. ಸೀವರ್ಡನೂ ಅವರ ಹಿಂದೆ ನಡೆದುಕೊಂಡು ಬಂದಿದ್ದ. ಇಂಥ ದಿನ ಮನೆಯಲ್ಲಿರಲು ಅವನಿಗೆ ಮನಸ್ಸಾಗಲಿಲ್ಲ.

ಮಾರ್‌ಬಾಚಿನವರು ಶಹಭಾಸ್‌ಗಿರಿ ಪಡೆಯಲು ಸಜ್ಜಾಗಿ ನಿಂತಿದ್ದರು. ಎಲ್ಲರೂ ಮುಖ ತೊಳೆದಿದ್ದರು. ಹೆಂಗಸರು ಹಲಗೆಗೆ ಕಾಡುಹೂವಿನ ಹಾರ ಕಟ್ಟಿದ್ದರು. ಗೋಲ್ಡ ಹೊಸ ಪೀಪಾಯಿಯನ್ನು ದಿಬ್ಬದ ತುದಿಗೇ ಸಾಗಿಸಿದ್ದಳು. ಹಾಮೋ ಸ್ಥೂಲ ಶರೀರದ, ಕೆಂಪು ಮುಖದ ಮನುಷ್ಯ. ನಮ್ಮ ಭಾಷೆಯನ್ನು ಲಾಯದ ಆಳುಗಳಿಂದ ಕಲಿತಿದ್ದರಿಂದ ಎಲ್ಲರನ್ನೂ ಕುದುರೆಗಳಂತೆಯೇ ಮಾತಾಡಿಸುತ್ತಿದ್ದ. ಕುದುರೆಗಳನ್ನೆಲ್ಲ ಚರ್ಚಿನ ಮುಂದಿನ ಮರಕ್ಕೆ ಕಟ್ಟಿಸಿ, ನಡೆದುಕೊಂಡು ಬಂದು ದಿಬ್ಬದ ಮುಂದೆ ನಿಂತ.

"ಹೋ! ಇದೇನು?"

"ದಿಬ್ಬ, ಧಣಿ," ಎಂದ ಓಸ್ಗಾರ್. "ಇಪ್ಪತ್ತೈದು ಅಡಿ. ನಿನ್ನೆ ಸಂಜೆಗೇ ಮುಗೀತು. ಒಂದು ದಿನ ಮುಂಚೆ."

"ಯಾರು ಹೇಳಿದ್ದು ಕಟ್ಟು ಅಂತ?"

"ರಾಜರು."

ಹಾಮೋ ಬರವಣಿಗೆಯವನಿಗೆ ಚರ್ಚಿನ ಕಡೆ ಕೈ ತೋರಿಸಿದ. ಜೆರ್ವಾಸ್ ಹೋಗಿ ಚರ್ಚಿನ ಬಾಗಿಲಿಂದ ಪತ್ರ ಕಿತ್ತು ತಂದು, ಒಂದೊಂದೇ ಸಾಲು ಓದಿ ನಮ್ಮ ಭಾಷೆಯಲ್ಲಿ ಹೇಳಿದ. ಅವನು "ನೆಲಸಮ" ಎಂದಾಗ ಗಂಡಸರು ತಮ್ಮ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡರು. "ನೇಣು" ಎಂದಾಗ ಎಲ್ಲರೂ ಓಸ್ಗಾರನನ್ನು ನೋಡಿದರು. ಓಸ್ಗಾರ್ ಮಾತ್ರ ಪತ್ರವನ್ನೇ ನೋಡುತ್ತಿದ್ದ, ಅದು ಈಗಲಾದರೂ ತನ್ನ ಪರವಾಗಿ ಒಂದು ಮಾತು ಹೇಳೀತೇನೋ ಎಂಬಂತೆ.

ಗೋಲ್ಡ ಮುಂದೆ ಬಂದು ಕೇಳಿದಳು: "ಅದರಲ್ಲಿ ನನ್ನ ಹೆಸರು ಎಲ್ಲಿದೆ ಸ್ವಾಮಿ?"

"ನಿನ್ನ ಹೆಸರೇ?"

"ಗೋಲ್ಡ. ಬಿಯರಿನ ವಿಷಯ."

"ಬಿಯರಿನ ವಿಷಯವೂ ಇಲ್ಲ, ಗೋಲ್ಡಳೂ ಇಲ್ಲ," ಎಂದ ಜೆರ್ವಾಸ್.

ನಲವತ್ತು ದಿನ ಮಣ್ಣು ಹೊತ್ತ ಯಾರಿಗೂ ಅವಳಿಗಾದಷ್ಟು ದುಃಖ ಆಗಲಿಲ್ಲ. ಅವಳು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

ಓಸ್ಗಾರ್ ಮಂಡಿಯೂರಿದ. ಇನ್ನು ಉಳಿದದ್ದು ಒಂದೇ ದಾರಿ. ಅದು ಕುತ್ತಿಗೆಗೆ ಒಳ್ಳೆಯದು, ಮಾನಕ್ಕೆ ಕೆಟ್ಟದ್ದು. ಅತ್ತೆಯ ಕಡೆ ತಿರುಗದೆ ಹೇಳಿದ: "ಧಣೀ, ನನಗೆ ಓದೋಕೆ ಬರಲ್ಲ."

"ಅಯ್ಯೋ, ಅವನ ಮಾತು ಕಟ್ಕೋಬೇಡಿ ಧಣಿ!" ಗುನ್ನಿಲ್ಡ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ನಾಚಿಕೆ ಸ್ವಭಾವ! ಹದಿನೆಂಟು ವರ್ಷದಿಂದ ಹೀಗೇ. ಓದೋದೇನು, ಅಡಿ ಅಂಗುಲ ಎಲ್ಲ ಲೆಕ್ಕ ಹಾಕಿ ಓದ್ದ!"

"ಅತ್ತೇ," ಎಂದ ಓಸ್ಗಾರ್, "ನಿಮ್ಮ ಕಾಲಿಗೆ ಬೀಳ್ತೀನಿ, ನನಗೆ ಬರಲ್ಲ."

"ಬರುತ್ತಪ್ಪಾ, ಬರುತ್ತೆ. ಧಣಿಗಳ ಮುಂದೆ ಹೆದರಬೇಡ."

"ಹದಿನೆಂಟು ವರ್ಷದಿಂದ ಈ ದಿಬ್ಬದ ಸಂಚು ನಡೀತಿತ್ತಾ!" ಎಂದ ಹಾಮೋ ಬೆರಗಾಗಿ. "ಬರ್ಕೋ ಜೆರ್ವಾಸ್."

ಜೆರ್ವಾಸ್ ನ್ಯಾಯವಂತ. ಬರೆಯುವ ಮೊದಲು ಪರೀಕ್ಷೆ ಮಾಡೋಣ ಎಂದ. ತನ್ನ ಚೀಲದಿಂದ ಬೇರೊಂದು ಹಾಳೆ ತೆಗೆದು ಓಸ್ಗಾರನ ಮುಂದೆ ಹಿಡಿದ. "ಇದರಲ್ಲಿ ಏನಿದೆ, ಓದು. ಸುಳ್ಳು ಹೇಳಬೇಡ."

ಓಸ್ಗಾರ್ ಆ ದಿನ ಸತ್ಯವನ್ನೇ ಹೇಳಬೇಕೆಂದು ತೀರ್ಮಾನಿಸಿದ್ದ. "ಇದು ರಾಜ ಅಂತ. ಇಲ್ಲಿ ನಲವತ್ತು ಅಂತ. ಬೇರೆ ಏನೂ ಗೊತ್ತಾಗಲ್ಲ, ಸ್ವಾಮಿ. ನನಗೆ ಬರೋದೇ ಮೂರು ಪದ."

"ಮೂರನೇದು ಯಾವುದು?"

"ದಿಬ್ಬ."

ಹಾಮೋ ತನ್ನ ಸವಾರರ ಕಡೆ ತಿರುಗಿದ. "ಕೇಳಿದ್ರಾ? ಇಡೀ ಲ್ಯಾಟಿನ್ನಿನಲ್ಲಿ ಇವನು ಕಲಿತಿರೋದು ಮೂರು ಪದ. ರಾಜ, ದಿಬ್ಬ, ನಲವತ್ತು! ದ್ರೋಹಕ್ಕೆ ನಾಲ್ಕನೇ ಪದ ಬೇಕಾ? ಹಗ್ಗ ತನ್ನಿ!"

ಸೀವರ್ಡನ ಮುಖ ಬಿಳಿಚಿತು. ಷಡ್ಡಕ ನಾಲ್ಕು ಜನರ ಮುಂದೆ ತಲೆತಗ್ಗಿಸಲಿ ಎಂದು ಬಂದಿದ್ದನೇ ಹೊರತು, ಅವನ ಕತ್ತಿಗೇ ಹಗ್ಗ ಬೀಳಲಿ ಎಂದಲ್ಲ. "ಧಣೀ, ಅವನಿಗೆ ನಿಜವಾಗ್ಲೂ ಬರಲ್ಲ, ನಾನು ಬಲ್ಲೆ..." ಎಂದ. "ನಿಂಗೆ ಹೊಟ್ಟೆಕಿಚ್ಚು!" ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದಳು.

ಊರಿನಲ್ಲಿದ್ದ ಒಂದೇ ಗಟ್ಟಿ ಹಗ್ಗ, ಕಲ್ಲು ಎಳೆಯಲು ಕಟ್ಟಿದ್ದು, ದಿಬ್ಬದ ತುದಿಯಲ್ಲೇ ಉಳಿದಿತ್ತು. ತರಲು ಟೋಕಿಯನ್ನು ಕಳಿಸಿದರು. ಅವನು ಬೇಕೆಂದೇ ನಿಧಾನವಾಗಿ ಹತ್ತಿದ. ತುದಿ ಮುಟ್ಟಿ, ಹಗ್ಗಕ್ಕೆ ಬಗ್ಗಿದವನು ಬಗ್ಗಿದ ಹಾಗೇ ನಿಂತ. ಪಡುವಣ ಗುಡ್ಡದ ಕಡೆ ಕಣ್ಣು ಕಿರಿದು ಮಾಡಿ ನೋಡಿದ.

"ಧಣೀ, ನಿಮ್ಮ ಕಡೆಯೋರು ಇನ್ನೂ ಯಾರಾದ್ರೂ ಬರೋದಿತ್ತಾ?" ಎಂದು ಕೂಗಿದ.

"ಇಲ್ಲ. ಯಾಕೆ?"

"ಹಾಗಾದ್ರೆ ಇವರು ದನ ಕದಿಯೋಕೆ ಬರೋ ವೇಲ್ಸಿನೋರು. ಅರವತ್ತು ಜನ ಇರಬಹುದು. ಹಳ್ಳ ದಾಟ್ತಿದಾರೆ."

ಮುಂದೆ ನಡೆದದ್ದಕ್ಕೆ ಯಾರೂ ಓದಿ ಹೇಳುವ ಅಗತ್ಯವಿರಲಿಲ್ಲ. ಹೆಂಗಸರು ಮಕ್ಕಳನ್ನು ಎತ್ತಿಕೊಂಡರು. ಗಂಡಸರು ದನಗಳನ್ನು ಹಲಗೆಯ ಮೇಲೆ ಒಂದೊಂದಾಗಿ ಹೊಡೆದು ಅಂಗಳಕ್ಕೆ ತುಂಬಿದರು. ಓಸ್ಗಾರ್ ಮಂಡಿಯಿಂದೆದ್ದು ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತಿದ. "ನಾನು ಹೇಳ್ಲಿಲ್ವಾ, ನೀನು ಓದಿದ್ದು ಸರಿಯಾಗೇ ಇತ್ತು," ಎಂದು ಆಕೆ ಅವನ ಕಿವಿಯಲ್ಲಿ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಅವರು ತುದಿ ಮುಟ್ಟಿದಾಗ ಹಾಮೋ ಧಣಿ ಅಲ್ಲಿ ಆಗಲೇ ಇದ್ದ. ಕಬ್ಬಿಣದ ಅಂಗಿ ತೊಟ್ಟ ಆ ದೇಹ ಎಲ್ಲರಿಗಿಂತ ಮೊದಲು ಹೇಗೆ ಮೇಲೆ ಬಂತು ಎಂಬುದನ್ನು ಯಾರೂ ನೋಡಲಿಲ್ಲ. ಕೊನೆಯಲ್ಲಿ ಬಂದ ಸೀವರ್ಡ್ ಹಲಗೆಯನ್ನು ಒಳಗೆಳೆದುಕೊಂಡ.

ವೇಲ್ಸಿನವರ ಮುಂದಾಳು ಕಡೂಗನ್. ವರ್ಷಕ್ಕೊಮ್ಮೆ ದನ ಹೊಡೆಯಲು ಬರುತ್ತಿದ್ದವನಾದ್ದರಿಂದ ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು. ಊರವರ ಹೆಸರೂ ಗೊತ್ತಿತ್ತು. ಅವನು ಕಂದಕದ ಸುತ್ತ ಒಂದು ಸುತ್ತು ಬಂದ. ಅವನ ಕಡೆಯ ಒಬ್ಬ ಕುದುರೆಯನ್ನು ಕಂದಕಕ್ಕೆ ಇಳಿಸಿದ. ಕುದುರೆ ಹೊಟ್ಟೆಯವರೆಗೂ ಕೆಸರಿನಲ್ಲಿ ಹೂತು, ಸವಾರನನ್ನು ನೋಡಿ ಕೆನೆಯಿತು. ಮೇಲಿಂದ ಮಾರ್‌ಬಾಚಿನವರು ಕಲ್ಲು, ಹೆಂಟೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಕೆಳಗಿನಿಂದ ನಾಲ್ಕು ಬಾಣ ಬಂದವು. ಮೂರು ಮಣ್ಣಿಗೆ ನೆಟ್ಟವು, ಒಂದು ಗೋಲ್ಡಳ ಪೀಪಾಯಿಗೆ. ಅವಳು ಆ ತೂತಿಗೆ ಹೆಬ್ಬೆರಳಿಟ್ಟುಕೊಂಡು, ವೇಲ್ಸಿನವರ ಏಳು ತಲೆಮಾರನ್ನು ಎತ್ತಿ ಬೈದಳು. ದುಃಖವೆಲ್ಲ ಹೋಗಿತ್ತು.

"ಓಸ್ಗಾರಾ!" ಎಂದು ಕಡೂಗನ್ ಕೆಳಗಿನಿಂದ ಕೂಗಿದ. ದನಿಯಲ್ಲಿ ನಿಜವಾದ ನೋವಿತ್ತು. "ಇದು ಹೋದ ವರ್ಷ ಇರಲಿಲ್ಲವಲ್ಲೋ!"

"ಈ ವರ್ಷ ಮಾಡಿದ್ವಿ!"

"ನಿಮ್ಮ ಹೊಸ ರಾಜ ದಿಬ್ಬ ಎಲ್ಲ ಕೆಡವಿಸ್ತಿದಾನೆ ಅಂತ ಕೇಳಿದ್ದೆ. ಅದಕ್ಕೇ ಇಷ್ಟು ದೂರ ಬಂದೆ. ಇದು ಮೋಸ ಕಣೋ!"

ಓಸ್ಗಾರನಿಗೂ ಅದು ಮೋಸವೆಂದೇ ಅನ್ನಿಸಿತು.

"ಯಾರದು ಈ ದಿಬ್ಬ?" ಎಂದ ಕಡೂಗನ್. "ಯಾವ ಸರದಾರಂದು? ಹೆಸರು ಹೇಳಿ. ದಿಕ್ಕಿಲ್ಲದ ದಿಬ್ಬ ಆದ್ರೆ ನಾಲ್ಕು ಬಾಗಿಲು ಕಿತ್ತು ಕೆಸರಿಗೆ ಹಾಸ್ಕೊಂಡು ಈಗಲೇ ಹತ್ತಿ ಬರ್ತೀವಿ!"

ದಿಬ್ಬದ ಮೇಲಿದ್ದವರೆಲ್ಲ ಒಬ್ಬರನ್ನೊಬ್ಬರು ನೋಡಿ, ಕೊನೆಗೆ ಹಾಮೋನನ್ನು ನೋಡಿದರು. ಹಾಮೋ ಆಕಾಶ ನೋಡಿದ. ಕೆಳಗೆ ಆಗಲೇ ಯಾರೋ ಗೋಲ್ಡಳ ಮನೆಯ ಬಾಗಿಲಿಗೆ ಭುಜ ಕೊಡುತ್ತಿದ್ದ ಸದ್ದು ಕೇಳಿಸಿತು.

"ರಾಜರದು!" ಎಂದು ಹಾಮೋ ಒದರಿದ. "ರಾಜರ ದಿಬ್ಬ! ಅವರ ಅಪ್ಪಣೆಯಿಂದಲೇ ಕಟ್ಟಿದ್ದು! ನಾನು ಹಾಮೋ, ರಾಜರ ಕಡೆಯೋನು! ಹಿಂದೆ ಐವತ್ತು ಸವಾರರು ಬರ್ತಿದಾರೆ!"

ಕಡೂಗನ್ ಲೆಕ್ಕ ಹಾಕಿದ. ರಾಜನ ದಿಬ್ಬಕ್ಕೆ ಕೈಹಾಕಿದರೆ ರಾಜನೇ ಬರುತ್ತಾನೆ. ಅಷ್ಟು ದೊಡ್ಡ ಗದ್ದಲ ಅವನಿಗೆ ಬೇಕಿರಲಿಲ್ಲ. "ಐವತ್ತು ಸವಾರರಾ?" ಎಂದ. "ಹಾಗಾದ್ರೆ ನಿಮಗೆ ಕುದುರೆಗೇನೂ ಬರ ಇಲ್ಲ. ಮರಕ್ಕೆ ಕಟ್ಟಿರೋ ಹತ್ತನ್ನ ನಾವು ತಗೊಂಡು ಹೋಗ್ತೀವಿ."

ಹತ್ತು ಕುದುರೆಗಳನ್ನೂ ಕೆಲವು ಬಾತುಗಳನ್ನೂ ತೆಗೆದುಕೊಂಡು ಅವರು ಹೊರಟರು. ಕೆಸರಿಗೆ ಸಿಕ್ಕ ಕುದುರೆಯನ್ನು ಅಲ್ಲೇ ಬಿಟ್ಟರು. ಗುಡ್ಡದ ಕಡೆಗೆ ತಿರುಗಬೇಕಾದವರು ಕವಲುದಾರಿಯಲ್ಲಿ ನಿಂತು ಏನೋ ಮಾತಾಡಿ, ಎಡಕ್ಕೆ ತಿರುಗಿದರು.

"ಅದು ನಮ್ಮೂರ ದಾರಿ," ಎಂದ ಸೀವರ್ಡ್.

ಓಸ್ಗಾರ್ ಅವನ ಪಕ್ಕ ಬಂದು ನಿಂತ. ಸ್ವಲ್ಪ ಹೊತ್ತಿನಲ್ಲಿ ಗ್ರೆಟ್‌ಲೋದ ಹಸುಗಳೆಲ್ಲ ಬಟಾಣಿ ಹೊಲದ ನಡುವೆ ಸಾಲಾಗಿ ಗುಡ್ಡದ ಕಡೆ ನಡೆಯುತ್ತಿರುವುದು ಅಲ್ಲಿಂದ ಬಹಳ ಚೆನ್ನಾಗಿ ಕಾಣಿಸಿತು. ಜನ ಕಾಡಿಗೆ ಓಡಿಹೋಗಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಎಲ್ಲ ಸದ್ದಡಗಿದ ಮೇಲೆ ಜೆರ್ವಾಸ್ ಮೊಣಕಾಲ ಮೇಲೆ ಹಾಳೆ ಹರಡಿ, ಲೇಖನಿ ಅದ್ದಿಕೊಂಡ. "ಮಾರ್‌ಬಾಚಿನ ವಿಷಯ ಏನಂತ ಬರೀಲಿ ಸ್ವಾಮಿ?"

ಹಾಮೋ ಯೋಚಿಸಿದ. ದಿಬ್ಬ ಅಕ್ರಮ ಎಂದು ಬರೆಯುವಂತಿಲ್ಲ. ಅದು ರಾಜನದೆಂದು ಅವನೇ ಅರವತ್ತು ಜನಕ್ಕೆ ಕೇಳುವ ಹಾಗೆ ಕೂಗಿದ್ದಾನೆ. ಸಕ್ರಮ ಎಂದು ಬರೆಯುವಂತೆಯೂ ಇಲ್ಲ. ಅಪ್ಪಣೆ ಎಲ್ಲಿದೆ ಎಂದು ಕೇಳುತ್ತಾರೆ.

"ಮಾರ್‌ಬಾಚಿನಲ್ಲಿ ಯಾವ ದಿಬ್ಬವೂ ಕಂಡುಬರಲಿಲ್ಲ ಅಂತ ಬರಿ."

ಜೆರ್ವಾಸ್ ಲೇಖನಿ ಎತ್ತಿದ. "ಸ್ವಾಮಿ, ನಾವು ಅದರ ಮೇಲೆ ಕೂತಿದ್ದೀವಿ."

"ಹಾಗಾದ್ರೆ ಕೆಳಗಿಳಿದು ಬರಿ!"

ಜೆರ್ವಾಸ್ ನ್ಯಾಯವಂತನಾದ್ದರಿಂದ ಕೆಳಗಿಳಿದು, ಬೆನ್ನು ತಿರುಗಿಸಿ ಕೂತು ಬರೆದ. ಅವನೂ ಹಾಮೋ ಧಣಿಯೂ ಎಂಟು ಸವಾರರೂ ಪಟ್ಟಣಕ್ಕೆ ನಡೆದುಕೊಂಡು ಹೊರಟರು. ಕೆಸರಿನ ಕುದುರೆಯನ್ನು ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರವರೆಲ್ಲ ಸೇರಿ ಅದನ್ನು ಎಳೆದು ಮೇಲೆತ್ತಿದರು.

ಸಂಜೆ ಊಟಕ್ಕೆ ಕೂತಾಗ ಓಸ್ಗಾರ್ ಹೆಂಡತಿ ಆಲ್ಡಿತಳಿಗೆ, "ನೋಡು, ನಾನು ಹೇಳಿದ್ದು ನಿಜ. ನನಗೆ ಓದೋಕೆ ಬರಲ್ಲ" ಎಂದ.

"ಗೊತ್ತು," ಎಂದಳು ಆಲ್ಡಿತ್, ಸಾರು ಬಡಿಸುತ್ತ. "ಮದುವೆಯಾದ ವಾರಕ್ಕೇ ಗೊತ್ತಾಯ್ತು."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?"

"ಅಮ್ಮ ಅಷ್ಟು ಖುಷಿಯಾಗಿದ್ಳು. ಊಟ ಮಾಡಿ."

ಮೂರು ದಿನದ ಮೇಲೆ ಸೀವರ್ಡ್ ಬಂದ. ಈ ಸಲ ಅವನ ಹಿಂದೆ ಗ್ರೆಟ್‌ಲೋದ ಹತ್ತು ಹನ್ನೆರಡು ಗಂಡಸರಿದ್ದರು. ಬಾಗಿಲಲ್ಲಿ ನಿಂತು ಕಾಲಿನಿಂದ ನೆಲ ಕೆರೆದ. ಆಮೇಲೆ ಅಂಗಿಯೊಳಗಿನಿಂದ ತನ್ನೂರಿನ ಪತ್ರ ತೆಗೆದು ಷಡ್ಡಕನ ಮುಂದೆ ಹಿಡಿದ.

"ಇದನ್ನೂ ಸ್ವಲ್ಪ ಓದಿ ಹೇಳಪ್ಪ."

ಓಸ್ಗಾರ್ ಕೈ ಹಿಂದಕ್ಕೆಳೆದುಕೊಂಡ. "ಅಣ್ಣ, ನನಗೆ ಓದೋಕೆ ಬರಲ್ಲ. ದೇವರಾಣೆ."

"ಗೊತ್ತು ಕಣೋ," ಎಂದ ಸೀವರ್ಡ್. "ಓದೋಕೆ ಬರೋರು ಓದಿದ್ದಕ್ಕೇ ನಮ್ಮ ಹಸು ಹೋದದ್ದು."

ಓಸ್ಗಾರ್ ಪತ್ರ ತೆಗೆದುಕೊಂಡ. ಬಿಡಿಸಿ ನೋಡಲಿಲ್ಲ. ಹಾಗೇ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗ್ರೆಟ್‌ಲೋದ ಗಂಡಸರ ಕಡೆ ನೋಡಿದ.

"ನಿಮ್ಮೂರಲ್ಲಿ ಸಲಿಕೆ ಎಷ್ಟಿವೆ?" ಎಂದು ಕೇಳಿದ.